ಬಂದ್ ಆಗದ ಲ್ಯಾಪ್‌ಟಾಪ್: ಎಲ್ಲಿ ನಿಂತಿದೆ, ಮೊದಲು ಅದನ್ನು ನೋಡಿ

ಸೆಮಿನಾರ್ ಇದ್ದ ದಿನ ಬೆಳಿಗ್ಗೆ ಮನೆಯಲ್ಲಿ ಲ್ಯಾಪ್‌ಟಾಪಿಗೆ ಶಟ್‌ಡೌನ್ ಕೊಟ್ಟು, ಮುಚ್ಚಿ, ಬ್ಯಾಗಿನಲ್ಲಿ ಇಟ್ಟುಕೊಂಡು ಕಾಲೇಜಿಗೆ ಬಂದೆ. ಎರಡನೇ ಪೀರಿಯಡ್‌ನಲ್ಲಿ ಬ್ಯಾಗಿಗೆ ಕೈ ಹಾಕಿದರೆ ನೋಟ್‌ಬುಕ್ಕುಗಳೆಲ್ಲ ಬಿಸಿಯಾಗಿದ್ದವು. ಲ್ಯಾಪ್‌ಟಾಪ್ ತೆರೆದು ನೋಡಿದೆ. ಪರದೆ ಕಪ್ಪಾಗಿದೆ, ಆದರೆ ಒಳಗೆ ಫ್ಯಾನ್ ತಿರುಗುತ್ತಿದೆ, ಲೈಟ್ ಉರಿಯುತ್ತಿದೆ. ಮನೆ ಬಿಡುವಾಗ 100 ಪರ್ಸೆಂಟ್ ಇದ್ದ ಬ್ಯಾಟರಿ 11ಕ್ಕೆ ಇಳಿದಿತ್ತು. ಸೆಮಿನಾರ್ ಅನ್ನು ಕರಿಹಲಗೆಯ ಮೇಲೆಯೇ ಮುಗಿಸಬೇಕಾಯಿತು.

ಇದು ಆಪಾ ಡಿಗ್ರಿಗೆ ಸೇರಿದಾಗ ಅಬ್ಬಾ ಹುಬ್ಬಳ್ಳಿಯಿಂದ ತಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್. ವಿಂಡೋಸ್ 7 ಕಾಲದ ಯಂತ್ರ, ಆಮೇಲೆ ಯಾರೋ ವಿಂಡೋಸ್ 10 ಹಾಕಿದ್ದಾರೆ. ಗೆಳತಿಯರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಪವರ್ ಬಟನ್ ಒತ್ತಿ ಹಿಡಿ, ತಾನ ಬಂದ್ ಆಗತೈತಿ." ಮೂರು ವಾರ ಹಾಗೆಯೇ ಮಾಡಿದೆ. ರೂಢಿಯಾಗಿಬಿಟ್ಟಿತು. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ, ಫೈಲ್ ಇನ್ನೂ ಸೇವ್ ಆಗುತ್ತಿರುವಾಗಲೇ ಬಟನ್ ಒತ್ತಿ ಹಿಡಿದೆ. ಮರುದಿನ ಆಪಾಳ ಪ್ರಾಜೆಕ್ಟ್ ಫೈಲ್ ತೆರೆಯಲಿಲ್ಲ. ಪೆನ್‌ಡ್ರೈವ್‌ನಲ್ಲಿ ಹಳೆಯ ಪ್ರತಿ ಇತ್ತು, ಆದರೆ ಹನ್ನೆರಡು ಪುಟ ಹೋದವು. ಆಪಾ ಬೈಯಲಿಲ್ಲ, ಎರಡು ರಾತ್ರಿ ಕೂತು ಮತ್ತೆ ಟೈಪ್ ಮಾಡಿದಳು. ಅದನ್ನು ನೋಡಿದ ಮೇಲೆ ಇದರ ಮೂಲ ಹುಡುಕಲೇಬೇಕು ಅನ್ನಿಸಿತು.

ರಿಪೇರಿ ಅಂಗಡಿಯೊಂದರಲ್ಲಿ ಫಾರ್ಮ್ಯಾಟ್ ಮಾಡಿಸಬೇಕು ಎಂದರು. ನಮ್ಮ ಕಂಪ್ಯೂಟರ್ ಸರ್ ಮಾತ್ರ ಒಂದು ಪ್ರಶ್ನೆ ಕೇಳಿದರು: "ಅದು ಎಲ್ಲಿಗೆ ಬಂದು ನಿಲ್ಲತೈತವಾ?" ನನಗೆ ಉತ್ತರ ಗೊತ್ತಿರಲಿಲ್ಲ. ಆ ಉತ್ತರವನ್ನೇ ಈ ಲೇಖನದಲ್ಲಿ ಬರೆಯುತ್ತಿದ್ದೇನೆ.

ಶಟ್‌ಡೌನ್ ಒಂದೇ ಕೆಲಸವಲ್ಲ

ಸಂಜೆ ಕಾಲೇಜು ಬಂದ್ ಆಗುವುದನ್ನು ನೆನಪಿಸಿಕೊಳ್ಳಿ. ಮೊದಲು ಬೆಲ್ ಹೊಡೆದು ನಾವೆಲ್ಲ ಹೊರಡುತ್ತೇವೆ. ಆಮೇಲೆ ಆಫೀಸಿನವರು ರಿಜಿಸ್ಟರ್ ಬರೆದು ಮುಚ್ಚುತ್ತಾರೆ. ನಂತರ ಲ್ಯಾಬುಗಳ ಫ್ಯಾನು, ಲೈಟು ಆರುತ್ತವೆ. ಕೊನೆಗೆ ಸಿಪಾಯಿ ಗೇಟಿಗೆ ಬೀಗ ಹಾಕುತ್ತಾರೆ. ಒಬ್ಬ ಹುಡುಗ ಕ್ಲಾಸಿನಲ್ಲಿ ಉಳಿದರೂ ಬೀಗ ಬೀಳುವುದಿಲ್ಲ.

ಲ್ಯಾಪ್‌ಟಾಪಿನಲ್ಲೂ ಹೀಗೆಯೇ. ಶಟ್‌ಡೌನ್ ಒತ್ತಿದಾಗ ವಿಂಡೋಸ್ ಮೊದಲು ತೆರೆದಿರುವ ಪ್ರೋಗ್ರಾಂಗಳಿಗೆ ಮುಚ್ಚಿಕೊಳ್ಳಲು ಹೇಳುತ್ತದೆ. ನಂತರ ಹಿನ್ನೆಲೆಯಲ್ಲಿ ನಡೆಯುವ ಸರ್ವೀಸ್‌ಗಳನ್ನು ನಿಲ್ಲಿಸುತ್ತದೆ. ರ‍್ಯಾಮ್‌ನಲ್ಲಿ ಬಾಕಿ ಇರುವ ಮಾಹಿತಿಯನ್ನು ಹಾರ್ಡ್‌ಡಿಸ್ಕಿಗೆ ಬರೆಯುತ್ತದೆ. ವೈಫೈ, ಸೌಂಡ್, ಯುಎಸ್‌ಬಿ ಮುಂತಾದವುಗಳ ಡ್ರೈವರ್‌ಗಳಿಗೆ ವಿಶ್ರಾಂತಿ ಹೇಳುತ್ತದೆ. ಕೊನೆಗೆ ವಿದ್ಯುತ್ ಕಡಿಯುವಂತೆ ಮದರ್‌ಬೋರ್ಡಿಗೆ ತಿಳಿಸುತ್ತದೆ. ಈ ಕೊನೆಯ ಮಾತುಕತೆಗೆ 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ ಎಸಿಪಿಐ ಎಂಬ ನಿಯಮಾವಳಿ ರೂಪಿಸಿದವು. ಅದಕ್ಕೂ ಮುಂಚಿನ ವಿಂಡೋಸ್ 95 ಕಾಲದಲ್ಲಿ ಎಷ್ಟೋ ಕಂಪ್ಯೂಟರುಗಳು "ಈಗ ನೀವು ಸ್ವಿಚ್ ಆಫ್ ಮಾಡಬಹುದು" ಎಂದು ಪರದೆಯಲ್ಲಿ ತೋರಿಸಿ ನಿಲ್ಲುತ್ತಿದ್ದವು. ಸ್ವಿಚ್ ನಾವೇ ಒತ್ತಬೇಕಿತ್ತು.

ಬಟನ್ ಒತ್ತಿ ಹಿಡಿಯುವುದೆಂದರೆ ಈ ಹಂತಗಳನ್ನೆಲ್ಲ ಬಿಟ್ಟು ನೇರ ಮೇನ್ ಸ್ವಿಚ್ ತೆಗೆದಂತೆ. ಡಿಸ್ಕಿಗೆ ಬರೆಯದೆ ರ‍್ಯಾಮ್‌ನಲ್ಲೇ ಉಳಿದದ್ದೆಲ್ಲ ಹೋಗುತ್ತದೆ.

ನಿಲ್ಲುವ ನಾಲ್ಕು ಜಾಗಗಳು

1. ಒಂದು ಪ್ರೋಗ್ರಾಂ ಶಟ್‌ಡೌನ್ ತಡೆಯುತ್ತಿದೆ ಎಂಬ ಸಂದೇಶ ಬರುತ್ತದೆ. ಇದು ಸುಲಭದ್ದು. ಆತುರದಲ್ಲಿ 'ಶಟ್‌ಡೌನ್ ಎನಿವೇ' ಒತ್ತಬೇಡಿ. 'ಕ್ಯಾನ್ಸಲ್' ಮಾಡಿ, ಫೈಲ್ ಸೇವ್ ಮಾಡಿ, ಆ ಪ್ರೋಗ್ರಾಂ ಮುಚ್ಚಿ, ಮತ್ತೆ ಶಟ್‌ಡೌನ್ ಕೊಡಿ.

2. 'ಶಟಿಂಗ್ ಡೌನ್' ಎಂದು ಚಕ್ರ ತಿರುಗುತ್ತಲೇ ಇರುತ್ತದೆ. ಅಪ್‌ಡೇಟ್ ನಡೆಯುತ್ತಿರಬಹುದು. ಹಾರ್ಡ್‌ಡಿಸ್ಕಿನ ಲೈಟ್ ಮಿನುಗುತ್ತಿದ್ದರೆ ಕೆಲಸ ನಡೆದಿದೆ ಎಂದರ್ಥ. ಹಳೆಯ ಡಿಸ್ಕಿನಲ್ಲಿ ಒಂದು ಗಂಟೆಯೂ ಹಿಡಿಯಬಹುದು. ಚಾರ್ಜರ್ ಹಾಕಿ ಕಾಯಿರಿ. ಬ್ಯಾಟರಿ ಸತ್ತಿರುವ ಲ್ಯಾಪ್‌ಟಾಪ್ ಆದರೆ ಕರೆಂಟ್ ಹೋಗುವ ಹೊತ್ತಿನಲ್ಲಿ ಅಪ್‌ಡೇಟ್ ಶುರು ಮಾಡಬೇಡಿ. ದಿನವೂ ಹೀಗೆಯೇ ಆದರೆ ಯಾವುದೋ ಸರ್ವೀಸ್ ಹಟ ಹಿಡಿದಿದೆ. 'ಎಂಎಸ್‌ಕಾನ್ಫಿಗ್' ತೆರೆದು, ಸರ್ವೀಸಸ್ ಪುಟದಲ್ಲಿ ಮೈಕ್ರೋಸಾಫ್ಟಿನವನ್ನು ಮರೆಮಾಡಿ, ಉಳಿದವುಗಳಲ್ಲಿ ಅರ್ಧವನ್ನು ನಿಲ್ಲಿಸಿ, ರೀಸ್ಟಾರ್ಟ್ ಮಾಡಿ ನೋಡಿ. ತೊಂದರೆ ಹೋದರೆ ತಪ್ಪು ಆ ಅರ್ಧದಲ್ಲಿದೆ, ಇಲ್ಲದಿದ್ದರೆ ಇನ್ನರ್ಧದಲ್ಲಿ. ನಾವು ಓದುವ ಬೈನರಿ ಸರ್ಚ್ ಇದೇ. 16 ಸರ್ವೀಸ್ ಇದ್ದರೂ 4 ಸಲದಲ್ಲಿ ತಪ್ಪಿತಸ್ಥ ಸಿಗುತ್ತದೆ.

3. ಪರದೆ ಕಪ್ಪಾಗುತ್ತದೆ, ಫ್ಯಾನ್ ಮತ್ತು ಲೈಟ್ ಆರುವುದಿಲ್ಲ. ಕೊನೆಯ ಹಂತದ ತೊಂದರೆ. ನನ್ನದು ಇದೇ.

4. ಆಫ್ ಆಗಿ ತಾನೇ ಮತ್ತೆ ಆನ್ ಆಗುತ್ತದೆ. ಮೌಸ್ ಅಥವಾ ನೆಟ್‌ವರ್ಕ್ ಕಾರ್ಡ್ ಎಬ್ಬಿಸುತ್ತಿರಬಹುದು. ಮೊದಲು ಯುಎಸ್‌ಬಿಯಲ್ಲಿ ಇರುವುದನ್ನೆಲ್ಲ ಕಿತ್ತು ನೋಡಿ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಅವುಗಳ 'ಪವರ್ ಮ್ಯಾನೇಜ್‌ಮೆಂಟ್' ಪುಟಕ್ಕೆ ಹೋಗಿ, ಕಂಪ್ಯೂಟರನ್ನು ಎಬ್ಬಿಸುವ ಅನುಮತಿಯ ಟಿಕ್ ತೆಗೆಯಿರಿ.

ನನ್ನ ಲ್ಯಾಪ್‌ಟಾಪ್ ಸರಿಹೋದ ಬಗೆ

ಸರ್ ನನಗೆ ಟಾಸ್ಕ್ ಮ್ಯಾನೇಜರ್ ತೆರೆದು 'ಪರ್ಫಾರ್ಮೆನ್ಸ್' ಪುಟದಲ್ಲಿ ಸಿಪಿಯು ಕೆಳಗಿರುವ 'ಅಪ್ ಟೈಮ್' ಓದಲು ಹೇಳಿದರು. ಯಂತ್ರ ಎಷ್ಟು ಹೊತ್ತಿನಿಂದ ಎಚ್ಚರವಾಗಿದೆ ಎಂಬ ಲೆಕ್ಕ ಅದು. ಆ ದಿನ ಬೆಳಿಗ್ಗೆ ಆನ್ ಮಾಡಿದ ಲ್ಯಾಪ್‌ಟಾಪ್ ಕೆಲವು ದಿನಗಳಿಂದ ಎಚ್ಚರವಿದೆ ಎಂದು ತೋರಿಸುತ್ತಿತ್ತು!

ಕಾರಣ 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯ. 2012ರಲ್ಲಿ ವಿಂಡೋಸ್ 8 ಜೊತೆ ಬಂದದ್ದು. ಇದು ಇದ್ದಾಗ ಶಟ್‌ಡೌನ್ ಒತ್ತಿದರೆ ನಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ವಿಂಡೋಸಿನ ತಿರುಳಾದ ಕರ್ನಲ್ ಮುಚ್ಚುವುದಿಲ್ಲ. ತಾನಿದ್ದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮರುದಿನ ಅದನ್ನೇ ಓದಿಕೊಂಡು ಬೇಗ ಏಳುತ್ತದೆ. ಹೊಸ ಯಂತ್ರಗಳಿಗೆ ಇದು ಒಳ್ಳೆಯದೇ. ಆದರೆ ಹಳೆಯ ಯಂತ್ರದ ಡ್ರೈವರ್‌ಗಳು ಹೀಗೆ ಮಲಗುವ ಕ್ರಮಕ್ಕೆ ಹೊಂದಿಕೊಳ್ಳದಿದ್ದರೆ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಕರ್ನಲ್ ಪೂರ್ತಿ ಮುಚ್ಚಿ ಹೊಸದಾಗಿ ಏಳುತ್ತದೆ.

ಪರೀಕ್ಷೆ ಸುಲಭ. ಕೀಬೋರ್ಡಿನಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಆಗ ವಿಂಡೋಸ್ ಪೂರ್ತಿ ಮುಚ್ಚುತ್ತದೆ. ನಾನು ಮಾಡಿದಾಗ ಲೈಟ್ ಆರಿತು, ಫ್ಯಾನ್ ನಿಂತಿತು. ಅಲ್ಲಿಗೆ ರೋಗ ತಿಳಿಯಿತು.

ಆಮೇಲೆ ಕಂಟ್ರೋಲ್ ಪ್ಯಾನಲ್, ಅದರಲ್ಲಿ 'ಪವರ್ ಆಪ್ಷನ್ಸ್', ಅದರಲ್ಲಿ ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟಕ್ಕೆ ಹೋದೆ. ಮೇಲಿರುವ, ಸದ್ಯ ಬದಲಿಸಲಾಗದ ಸೆಟ್ಟಿಂಗ್‌ಗಳನ್ನು ತೆರೆಯುವ ಸಾಲನ್ನು ಒತ್ತಿ, ಕೆಳಗೆ 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಟಿಕ್ ತೆಗೆದು ಸೇವ್ ಮಾಡಿದೆ. ಈಗ ಆನ್ ಆಗಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕು. ಅಷ್ಟು ನಷ್ಟ ಒಪ್ಪಿಕೊಂಡೆ.

ವಾರದ ನಂತರ ಮತ್ತೊಮ್ಮೆ ಸಿಕ್ಕಿಕೊಂಡಿತು. ಆಗ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾಡೆಲ್ ನಂಬರ್ ನೋಡಿ, ತಯಾರಿಸಿದವರ ಸ್ವಂತ ಸೈಟಿನಿಂದ ಅದೇ ಮಾಡೆಲ್‌ಗೆ ಕೊಟ್ಟಿರುವ ಚಿಪ್‌ಸೆಟ್ ಡ್ರೈವರ್ ಹಾಕಿದೆ. ಆಮೇಲೆ ತೊಂದರೆ ಬಂದಿಲ್ಲ. ಖರ್ಚು ಸೊನ್ನೆ. ಫಾರ್ಮ್ಯಾಟ್ ಮಾಡಿಸಿದ್ದರೆ ವಿಂಡೋಸ್ ಹೊಸದಾಗಿ ಬರುವಾಗ ಫಾಸ್ಟ್ ಸ್ಟಾರ್ಟಪ್ ಕೂಡ ತಾನಾಗಿ ಆನ್ ಆಗಿ ಬರುತ್ತಿತ್ತು. ಹಣ ಹೋಗಿ ರೋಗ ಉಳಿಯುತ್ತಿತ್ತು.

ಬ್ಯಾಗಿಗೆ ಹಾಕುವ ಮುನ್ನ

ಬಟನ್ ಒತ್ತಿ ಹಿಡಿಯುವುದು ತಪ್ಪಲ್ಲ, ಕೊನೆಯ ಉಪಾಯ ಅಷ್ಟೇ. ಕೆಲಸವನ್ನೆಲ್ಲ ಸೇವ್ ಮಾಡಿ, ಡಿಸ್ಕ್ ಲೈಟ್ ಬಹಳ ಹೊತ್ತಿನಿಂದ ಮಿನುಗದಿದ್ದರೆ ಮಾತ್ರ, ಆಫ್ ಆಗುವವರೆಗೆ ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ.

ಶಟ್‌ಡೌನ್ ಕೊಟ್ಟ ಕೂಡಲೇ ಮುಚ್ಚಿ ಬ್ಯಾಗಿಗೆ ಹಾಕಬೇಡಿ, ಹಾಸಿಗೆಯಲ್ಲಿ ಕೌದಿಯ ಮೇಲೂ ಇಡಬೇಡಿ. ಗಾಳಿ ಆಡದೆ ಬಿಸಿಯಾದರೆ ಲಿಥಿಯಂ ಬ್ಯಾಟರಿ ಬೇಗ ಹಾಳಾಗುತ್ತದೆ. ಬ್ಯಾಟರಿ ಉಬ್ಬಿದ್ದು ಕಂಡರೆ ಅದನ್ನು ಬಳಸುವುದನ್ನೇ ನಿಲ್ಲಿಸಿ, ಚಾರ್ಜಿಗೆ ಹಾಕಬೇಡಿ, ಚುಚ್ಚಲೂಬೇಡಿ.

ಈಗ ರಾತ್ರಿ ಓದು ಮುಗಿದ ಮೇಲೆ ಶಟ್‌ಡೌನ್ ಕೊಟ್ಟು ಲೈಟ್ ಆರುವವರೆಗೆ ಪಕ್ಕದಲ್ಲೇ ಕೂತಿರುತ್ತೇನೆ. ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಆಪಾ ತನ್ನ ಫೈಲನ್ನು ಈಗಲೂ ಎರಡು ಪೆನ್‌ಡ್ರೈವ್‌ಗಳಲ್ಲಿ ಇಡುತ್ತಾಳೆ. ಅದೂ ಸರಿಯೇ. ನಿಮ್ಮ ಮನೆಯ ಲ್ಯಾಪ್‌ಟಾಪೂ ಹೀಗೆ ಹಟ ಮಾಡಿದರೆ ಬಟನ್ನಿಗೆ ಬೆರಳು ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಎಲ್ಲಿಗೆ ಬಂದು ನಿಂತಿತು? ನಾಲ್ಕರಲ್ಲಿ ಯಾವುದೆಂದು ತಿಳಿದರೆ ಅರ್ಧ ರಿಪೇರಿ ಆದಂತೆಯೇ.