ಹಕ್ಕಿಗಳ ದನಿ ಅಡಗಿದ ದ್ವೀಪ

ಬೆಳಗಾಗುತ್ತಲೇ ಹಕ್ಕಿಗಳ ದನಿ ಕೇಳಿ ಏಳುವುದು ನಮಗೆ ರೂಢಿ. ಒಂದು ದಿನ ಕಂಗಿನ ತೋಟದಲ್ಲಿ ಆ ದನಿ ಪೂರ್ತಿ ನಿಂತುಹೋದರೆ? ಶಾಂತಸಾಗರದ ಗ್ವಾಮ್ ದ್ವೀಪದವರಿಗೆ ಇದು ಬರಿಯ ಕಲ್ಪನೆಯಲ್ಲ, ಕಣ್ಣೆದುರೇ ನಡೆದುಹೋದ ಸಂಗತಿ.

ಗ್ವಾಮ್ ಅಮೆರಿಕದ ಅಧೀನದಲ್ಲಿದೆ. ವಿಸ್ತಾರದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಕಾಲುಭಾಗಕ್ಕಿಂತ ತುಸು ಹೆಚ್ಚು. ಅಲ್ಲಿನ ಕಾಡಿನಲ್ಲಿ 12 ಜಾತಿಯ ಮೂಲನಿವಾಸಿ ಹಕ್ಕಿಗಳಿದ್ದುವು. 1960ರ ದಶಕದಿಂದ ಅವು ದ್ವೀಪದ ದಕ್ಷಿಣ ಭಾಗದಿಂದ ತೊಡಗಿ ಮಾಯವಾಗುತ್ತ ಬಂದುವು. ರೋಗವಿರಬೇಕೆಂದರು ಕೆಲವರು, ಕೀಟನಾಶಕದ ವಿಷವೆಂದರು ಇನ್ನು ಕೆಲವರು. 1980ರ ದಶಕದಲ್ಲಿ ಜೂಲಿ ಸಾವಿಜ್ ಎಂಬ ವಿಜ್ಞಾನಿ ನಿಜವಾದ ಕಾರಣವನ್ನು ತೋರಿಸಿಕೊಟ್ಟರು. ಅದು ಕಂದು ಬಣ್ಣದ ಒಂದು ಮರಹಾವು! ಎರಡನೆಯ ಮಹಾಯುದ್ಧದ ಬಳಿಕ ಸೈನ್ಯದ ಸರಕಿನೊಳಗೆ ಅವಿತು, ನ್ಯೂಗಿನಿಯ ಕಡೆಯಿಂದ ಅದು ಬಂದಿರಬೇಕೆಂದು ತಜ್ಞರ ಅಭಿಮತ.

ನಮ್ಮ ಘಟ್ಟದ ಬೆಕ್ಕುಹಾವು ಇದರ ಬಂಧುವೇ. ಆದರೂ ಇಲ್ಲಿ ಹಕ್ಕಿಗಳು ಉಳಿದಿವೆಯಲ್ಲ ಎಂದು ವಾಚಕರು ಕೇಳಬಹುದು. ಇಲ್ಲಿನ ಹಕ್ಕಿಗಳಿಗೆ ಹಾವಿನ ಪರಿಚಯ ತಲೆತಲಾಂತರದ್ದು. ಹಾವನ್ನು ತಿನ್ನುವ ಗಿಡುಗ, ಕೀರಿಗಳೂ ಇವೆ. ಗ್ವಾಮಿನಲ್ಲಾದರೋ ಎರೆಹುಳದಂಥ ಕುರುಡುಹಾವಿನ ಹೊರತು ಬೇರೆ ಹಾವೇ ಇರಲಿಲ್ಲ. ಹಾವಿನ ಭಯವರಿಯದ ಹಕ್ಕಿಗಳು ಗೂಡಿನಲ್ಲೇ ತುತ್ತಾದುವು. 12ರಲ್ಲಿ 10 ಜಾತಿಗಳು ಅಲ್ಲಿನ ಕಾಡಿನಿಂದ ಅಳಿದುವು.

ಮಾರಿಷಸ್ ದ್ವೀಪದ ಡೋಡೋ ಹಕ್ಕಿಗೂ ಒದಗಿದ್ದು ಇಂಥದೇ ಗತಿ. 1598ರಲ್ಲಿ ಡಚ್ಚರು ಬಂದಿಳಿದ ಮೇಲೆ ನೂರು ವರ್ಷದೊಳಗೆ ಅದು ನಿರ್ನಾಮವಾಯಿತು. ಬೇಟೆಗಿಂತಲೂ, ಹಡಗಿನಲ್ಲಿ ಬಂದ ಇಲಿ, ಹಂದಿ, ಮಂಗಗಳಿಂದ ಅದರ ಮೊಟ್ಟೆಗಳಿಗಾದ ಹಾನಿಯೇ ಹೆಚ್ಚೆನ್ನಲಾಗಿದೆ.

ಹಕ್ಕಿ ಹೋದರೆ ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಗ್ವಾಮಿನ ಕಾಡಿನಲ್ಲಿ ಜೇಡಗಳು ಮಳೆಗಾಲದಲ್ಲಿ ನೆರೆಯ ದ್ವೀಪಗಳಿಗಿಂತ 40 ಪಟ್ಟಿನವರೆಗೂ ಹೆಚ್ಚಿದ್ದುದು 2012ರ ಅಧ್ಯಯನದಲ್ಲಿ ಕಂಡುಬಂತು. ಬೀಜ ಹರಡುವ ಹಕ್ಕಿಗಳಿಲ್ಲದೆ ಮರದ ಸಸಿಗಳೂ ವಿರಳವಾಗಿವೆ. ಹಾವು ತಂತಿಗೆ ಸಿಕ್ಕಿ ವಿದ್ಯುತ್ತು ಕೈಕೊಡುವುದೂ ಉಂಟು.

ಪರಿಹಾರದ ಯತ್ನಗಳೂ ನಡೆದಿವೆ. 2013ರಲ್ಲಿ ಪಾರಾಸಿಟಮಾಲ್ ಇಟ್ಟ ಸತ್ತ ಇಲಿಮರಿಗಳನ್ನು ಹೆಲಿಕಾಪ್ಟರಿನಿಂದ ಕಾಡಿನ ಮೇಲೆ ಉದುರಿಸಿದರು. ನಮ್ಮ ಜ್ವರದ ಮದ್ದು ಆ ಹಾವಿಗೆ ವಿಷ. ಪಂಜರದಲ್ಲಿ ಸಾಕಿ ಉಳಿಸಿದ ‘ಕೋಕೋ’ ಎಂಬ ಹಾರಲಾರದ ಹಕ್ಕಿಯನ್ನು ಪಕ್ಕದ ರೋಟಾ, ಕೋಕೋಸ್ ದ್ವೀಪಗಳಲ್ಲಿ ಬಿಡಲಾಗಿದೆ. ಗ್ವಾಮಿನಲ್ಲೇ ಮತ್ತೆ ನೆಲೆಯೂರುವ ಯೋಗ ಅದಕ್ಕೆ ಇನ್ನೂ ಕೂಡಿಬಂದಿಲ್ಲ.

ದ್ವೀಪದ ಜೀವಿಗೆ ಓಡಿಹೋಗಲು ಪಕ್ಕದ ಊರಿಲ್ಲ. ಸರಕನ್ನು ಬಿಚ್ಚಿ ನೋಡದ ಅಲಕ್ಷ್ಯವೊಂದು ಇಡೀ ಕಾಡನ್ನು ಮೂಕವಾಗಿಸಿತೆಂಬುದನ್ನು ನಾವು ಮರೆಯಬಾರದು.