ಹಿಸ್ಸೆಯೊಳಗೊಂದು ಹಿಸ್ಸೆ

ಯಲಹಂಕ ತಾಲ್ಲೂಕಿನ ಜಾಲ ಹೋಬಳಿಯಲ್ಲಿ ಪಹಣಿ ತೆಗೆಸಿದರೆ ಜಮೀನಿನ ವಿಸ್ತೀರ್ಣ ಎಕರೆ-ಗುಂಟೆಯಲ್ಲಿರುತ್ತದೆ. ಪಕ್ಕದ ಬಡಾವಣೆಯ ಸೈಟು ಮಾತ್ರ ಚದರಡಿ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಒಂದು ಪಹಣಿಯ ಲೆಕ್ಕ ಬಾಯಲ್ಲೇ ಹಾಕಬಹುದು. ಇಡೀ ತಾಲ್ಲೂಕಿನದನ್ನು ಕಂಪ್ಯೂಟರ್ ಚದರಡಿಗೆ ಬದಲಿಸಬೇಕೆಂದರೆ?

ಗುಣಾಕಾರ ಸುಲಭ, ಕಷ್ಟವಿರುವುದು ಮಾಹಿತಿಯ ಆಕಾರದಲ್ಲಿ. ತಾಲ್ಲೂಕಿನೊಳಗೆ ಹೋಬಳಿ, ಅದರೊಳಗೆ ಗ್ರಾಮ, ಗ್ರಾಮದೊಳಗೆ ಸರ್ವೆ ನಂಬರು. ಅಲ್ಲಿಂದಾಚೆಗೆ ಏರುಪೇರು ಶುರು. ಉದಾಹರಣೆಗೆ, ಅಣ್ಣತಮ್ಮಂದಿರು ಭಾಗವಾಗಿ ಪೋಡಿ ಮಾಡಿಸಿಕೊಂಡ ಸರ್ವೆ ನಂಬರ್ 45ರಲ್ಲಿ 45/1, 45/2 ಎಂಬ ಹಿಸ್ಸೆಗಳು. ಮುಂದಿನ ತಲೆಮಾರಿಗೆ 45/2ಎ, 45/2ಬಿ. ಪಕ್ಕದ 46 ಇನ್ನೂ ಅಖಂಡ. ಎಷ್ಟು ಆಳ ಇಳಿಯಬೇಕೆಂದು ಮೊದಲೇ ಹೇಳಲಾಗದು. ಹಂತಕ್ಕೊಂದು ಲೂಪ್ ಬರೆದಿಟ್ಟರೆ ಮುಂದಿನ ಪೋಡಿಗೇ ಅದು ಸಾಲದಾಗುತ್ತದೆ.

ಪರಿಹಾರಕ್ಕೆ ಎರಡೇ ಸಾಲು ಸಾಕು. ಕೈಗೆ ಸಿಕ್ಕಿದ್ದು ವಿಸ್ತೀರ್ಣವಾದರೆ ಬದಲಿಸು. ಪಟ್ಟಿಯಾದರೆ, ಅದರ ಒಂದೊಂದು ಅಂಶದ ಮೇಲೂ ಇದೇ ಕೆಲಸ ಮತ್ತೆ ಮಾಡು. ತನ್ನನ್ನೇ ತಾನು ಕರೆದುಕೊಳ್ಳುವ ಈ ವಿಧಾನಕ್ಕೆ ರಿಕರ್ಷನ್ ಎನ್ನುತ್ತಾರೆ. ಕೆಲಸವನ್ನು ಎರಡು ಫಂಕ್ಷನ್ನುಗಳಿಗೆ ಹಂಚಿದರೆ, ಇಳಿದು ಹುಡುಕುವ ಫಂಕ್ಷನ್ನಿಗೆ ಗುಂಟೆಯ ಗೊಡವೆಯಿಲ್ಲ. ಗುಂಟೆ ಬದಲಿಸುವ ಫಂಕ್ಷನ್ನಿಗೆ ಹೋಬಳಿಯ ಗೊಡವೆಯಿಲ್ಲ. ಒಂದು ಫಂಕ್ಷನ್ನನ್ನು ಇನ್ನೊಂದರ ಕೈಗೆ ಒಪ್ಪಿಸುವ ಈ ಪದ್ಧತಿ ಜಾನ್ ಮೆಕಾರ್ಥಿ 1960ರಲ್ಲಿ ಲಿಸ್ಪ್ ಭಾಷೆಯ ಬಗ್ಗೆ ಬರೆದ ಪ್ರಬಂಧದಲ್ಲೇ ಇದೆ. ಪ್ರೋಗ್ರಾಮಿಂಗಿನಲ್ಲಿ ಇಷ್ಟು ಚೊಕ್ಕವಾದ ವಿಚಾರಗಳು ಕಡಿಮೆ ಎಂದೇ ನನ್ನ ಭಾವನೆ. ಎಲ್ಲವನ್ನೂ ಒಂದೇ ಉದ್ದನೆಯ ಪಟ್ಟಿಗೆ ಸುರಿದುಕೊಂಡರೂ ಲೆಕ್ಕ ಬರುತ್ತದೆ, ಆದರೆ ಯಾವ ಹಿಸ್ಸೆ ಯಾವ ಸರ್ವೆ ನಂಬರಿನದೆಂಬುದು ಅಳಿಸಿಹೋಗುತ್ತದೆ. ರಿಕರ್ಷನ್ನಿನಲ್ಲಾದರೆ ಅಂಕಿಗಳಷ್ಟೇ ಬದಲಾಗುತ್ತವೆ, ಆಕಾರ ಇದ್ದಂತೆಯೇ ಉಳಿಯುತ್ತದೆ.

ಎಡವುವುದು ಎಲ್ಲಿ ನಿಲ್ಲಬೇಕೆಂಬಲ್ಲಿ. 2 ಎಕರೆ 20 ಗುಂಟೆ ಎಂದರೆ 100 ಗುಂಟೆ, 1,08,900 ಚದರಡಿ. ಅದನ್ನೇ 2 ಮತ್ತು 20 ಎಂಬ ಎರಡು ಅಂಶಗಳ ಪಟ್ಟಿಯಾಗಿ ಬರೆದಿಟ್ಟಿದ್ದರೆ? ಪ್ರೋಗ್ರಾಮ್ ಅದನ್ನೂ ಇನ್ನೊಂದು ಹಿಸ್ಸೆಯೆಂದೇ ತಿಳಿದು ಒಳಗಿಳಿಯುತ್ತದೆ. ಎರಡನ್ನೂ ಗುಂಟೆಯೆಂದುಕೊಂಡು 2,178 ಮತ್ತು 21,780 ಎಂದು ಬರೆದು ಮುಂದೆ ಹೋಗುತ್ತದೆ. ದೋಷವಿದೆ ಎಂಬ ಸೂಚನೆಯೂ ಬರುವುದಿಲ್ಲ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿವೆ. ಅಷ್ಟರಲ್ಲಿ ಇಂಥದ್ದನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು. ಹಾಗಾಗಿ ಎಕರೆ, ಗುಂಟೆ, ಗುಂಟೆಗಿಂತ ಚಿಕ್ಕ ಅಳತೆಯಾದ ಆಣೆ ಮೂರೂ ಸೇರಿದ್ದು ಒಂದೇ ವಿಸ್ತೀರ್ಣ, ಅದರೊಳಗೆ ಇಳಿಯಬೇಡ ಎಂದು ಮೊದಲೇ ಗುರುತು ಹಾಕಿಡಬೇಕು. ಆ ಗುರುತಿದ್ದರೆ ನಾಳೆ ಹೆಕ್ಟೇರಿನ ಲೆಕ್ಕ ಬೇಕಾದಾಗ ಬದಲಿಸುವ ಫಂಕ್ಷನ್ ಒಂದನ್ನು ತಿದ್ದಿದರಾಯಿತು.