ನಮ್ಮ ಹಾಡಿಗೂ ಒಂದು ಸನದ್ ಉಂಟು

ನಮ್ಮ ಜಮಾಅತ್‌ನ ದಫ್ ಸಮಿತಿಯವರ ಬಳಿ ಒಂದು ಹಳೇ ಹಾಡುಂಟು. ಮದುವೆ ಮನೆಯಿರಲಿ, ಮೌಲಿದ್ ಮಜ್ಲಿಸ್ ಇರಲಿ, ಅದನ್ನು ಹಾಡದೆ ಕಾರ್ಯಕ್ರಮ ಮುಗಿಯುವುದಿಲ್ಲ. ಬರೆದದ್ದು ಯಾರು ಎಂದು ಕೇಳಿದರೆ, "ನಮ್ಮ ಹಳೇ ಉಸ್ತಾದರು ಕಟ್ಟಿದ್ದು" ಎನ್ನುತ್ತಿದ್ದರು ಹುಡುಗರು. ವಾರ್ಷಿಕೋತ್ಸವದ ಪುಸ್ತಕದಲ್ಲೂ ಹಾಗೆಯೇ ಅಚ್ಚಾಗುವುದರಲ್ಲಿತ್ತು. ಅದಕ್ಕೆ ಮೊದಲು ಒಮ್ಮೆ ವಿಚಾರಿಸೋಣವೆಂದು ನಾವು ಹೊರಟೆವು.

ಹೆಚ್ಚು ದೂರ ಹೋಗಬೇಕಾಗಲಿಲ್ಲ. ಮರ್ಹೂಂ ಉಸ್ತಾದರ ಮನೆಯವರು ಅವರ ಕೈಬರಹದ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಟ್ಟಿದ್ದರು. ಅರಬಿ ಅಕ್ಷರ, ಮಲಯಾಳಂ ಮಾತು. ಹುಡುಗರು ಹಾಡುವುದು ನಾಲ್ಕಾರು ಸಾಲು ಮಾತ್ರ. ಪುಸ್ತಕದಲ್ಲಿ ಇಡೀ ಹಾಡೇ ಇತ್ತು. ತಲೆಬರಹ: ಮುಹ್ಯಿದ್ದೀನ್ ಮಾಲೆ.

ಈ ಮಾಲೆಯನ್ನು ರಚಿಸಿದವರು ಕೋಝಿಕ್ಕೋಡಿನ ಖಾಝಿ ಮುಹಮ್ಮದ್. ಬಗ್ದಾದಿನಲ್ಲಿ ಮಲಗಿರುವ ಶೈಖ್ ಅಬ್ದುಲ್ ಖಾದಿರ್ ಜೀಲಾನಿಯವರ ಗುಣಗಾನ ಇದರಲ್ಲಿದೆ. ಕವಿ ತನ್ನ ಹೆಸರು, ಊರು, ಆಧರಿಸಿದ ಕಿತಾಬು, ರಚಿಸಿದ ವರ್ಷ ಎಲ್ಲವನ್ನೂ ಹಾಡಿನೊಳಗೇ ಹೇಳಿದ್ದಾರೆ. ಕೊಲ್ಲಂ ವರ್ಷ 782, ಅಂದರೆ ಕ್ರಿ.ಶ. 1607. ಕಾಲ ನಮೂದಾಗಿರುವ ಅರಬಿ-ಮಲಯಾಳಂ ಕೃತಿಗಳಲ್ಲಿ ಈಗ ಸಿಕ್ಕಿರುವ ಅತಿ ಹಳೆಯದು ಇದೇ. 1571ರಲ್ಲಿ ಸಾಮೂದಿರಿಯ ಸೇನೆ ಪೋರ್ಚುಗೀಸರಿಂದ ಚಾಲಿಯಂ ಕೋಟೆಯನ್ನು ಗೆದ್ದ ಕಥೆಯನ್ನು 'ಫತ್‌ಹುಲ್ ಮುಬೀನ್' ಎಂಬ ಅರಬಿ ಕಾವ್ಯವಾಗಿಸಿದವರೂ ಇದೇ ಖಾಝಿಗಳು.

ಕೋಝಿಕ್ಕೋಡಿನ ಮಾಲೆ ನಮ್ಮ ಕರಾವಳಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಕಡಲು ಒಂದೇ, ಬ್ಯಾರಿ ಭಾಷೆಗೂ ಮಲಯಾಳಕ್ಕೂ ಹತ್ತಿರದ ನಂಟು, ಮಲಬಾರಿನಲ್ಲಿ ಕಿತಾಬು ಓದಿ ಬಂದ ಉಸ್ತಾದರೂ ನಮ್ಮಲ್ಲಿ ಬಹಳ. ಮಗ್ರಿಬ್ ಆದ ಮೇಲೆ ದೀಪದ ಮುಂದೆ ಕೂತು ಮಾಲೆ ಹೇಳುತ್ತಿದ್ದ ಉಮ್ಮಂದಿರನ್ನು ನಾವೇ ಕಂಡಿದ್ದೇವೆ. ಮನೆಯಲ್ಲಿ ಹೆರಿಗೆಯ ಹೊತ್ತು ಬಂದರೂ ಮಾಲೆಯೇ ಅವರಿಗೆ ಧೈರ್ಯ.

ವಿಷಯ ತಿಳಿಸಿದಾಗ ಹುಡುಗರ ಮುಖ ಸಪ್ಪಗಾಯಿತು. "ಹಾಗಾದರೆ ಇದು ನಮ್ಮದಲ್ವಾ ಉಸ್ತಾದರೇ?" ಎಂದ ಒಬ್ಬ.

ನಮ್ಮದೇ ಮಗನೇ ಎಂದೆವು. ಆದರೆ ಹದೀಸಿಗೆ ಸನದ್ ಕೇಳುವ ನಾವು ಹಾಡಿಗೆ ಮಾತ್ರ ಸುಳ್ಳು ಸನದ್ ಹಚ್ಚಬಹುದಾ? ಉಸ್ತಾದರು ತಾನು ಬರೆದದ್ದೆಂದು ಎಲ್ಲೂ ಹೇಳಿಕೊಂಡಿಲ್ಲ. ಕವಿಯ ಹೆಸರಿದ್ದ ಸಾಲನ್ನೂ ಬಿಡದೆ ನಕಲು ಮಾಡಿಟ್ಟಿದ್ದರು. ಆ ಸಾಲುಗಳನ್ನು ಬಿಟ್ಟು ಹಾಡಿದವರು ನಾವು. ಕಟ್ಟಿದವರು ಖಾಝಿಗಳು, ನಮ್ಮೂರಿಗೆ ಕಲಿಸಿದವರು ಉಸ್ತಾದರು. ಪುಸ್ತಕದಲ್ಲಿ ಈಗ ಹೀಗೆ ಬರೆಯುವುದೆಂದು ತೀರ್ಮಾನವಾಗಿದೆ.

ನಮ್ಮ ಚಿಂತೆ ಬೇರೆಯೇ ಉಂಟು. ಆ ಪುಸ್ತಕವನ್ನು ಸರಾಗವಾಗಿ ಓದಿ ಅರ್ಥ ಹೇಳಬಲ್ಲವರು ನಮ್ಮ ಮೊಹಲ್ಲಾದಲ್ಲಿ ಈಗ ಇಬ್ಬರೇ. ಇಬ್ಬರೂ ಹಿರಿಯರು. ನಿಮ್ಮ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಇಂಥ ಪುಸ್ತಕವಿದ್ದರೆ ಗುಜರಿಗೆ ಹಾಕಬೇಡಿ. ಓದಬಲ್ಲ ಅಜ್ಜಿಯರಿದ್ದರೆ ಇಂದೇ ಅವರ ಬಳಿ ಕೂತು ಓದಿಸಿ, ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ಹಾಡಿನ ಜೊತೆ ಅರ್ಥವೂ ಮಕ್ಕಳಿಗೆ ಸಿಗಲಿ.